ಗ್ಲೌಸಪ್ಪನ ಹೆಂಡತಿಯ ಬೆರಳು

ಅವನಿಗೆ ಗ್ಲೌಸಪ್ಪ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಆ ಹೆಸರು ಬಿದ್ದ ಮೇಲೆ ಹೆತ್ತವರು ಇಟ್ಟ ಹೆಸರು ಮಾತ್ರ ಮೂಲೆ ಸೇರಿತು. ಉಪ್ಪುನೀರಿನ ಮೀನಿನ ತೊಟ್ಟಿಗಳನ್ನು ತೊಳೆದು, ನೀರು ಬದಲಿಸಿ, ಒಳಗಿನ ಮೀನು, ಹವಳ, ಪಂಪುಗಳ ಯೋಗಕ್ಷೇಮ ನೋಡಿಕೊಳ್ಳುವುದು ಅವನ ಕಸುಬು. ಸಮುದ್ರದ ಒಂದು ಚೂರನ್ನು ಗಾಜಿನೊಳಗೆ ಕೂಡಿಹಾಕಿ ಸೋಫಾದ ಪಕ್ಕದಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆ ಕೆಲವರಿಗಿರುತ್ತದೆ. ಆಸೆ ಅವರದು, ಪಾಚಿ ಉಜ್ಜುವ ಪಾಡು ಇವನದು. ಹೋಟೆಲಿನ ಹಜಾರ, ಹಲ್ಲಿನ ಡಾಕ್ಟರರ ಕ್ಲಿನಿಕ್ಕು, ವಕೀಲರ ಆಫೀಸು, ದೊಡ್ಡವರ ದೊಡ್ಡ ಮನೆಗಳು, ಹೀಗೆ ದಿನಕ್ಕೆ ಎರಡೋ ಮೂರೋ ಕಡೆ ಬಕೆಟ್ಟು ಹಿಡಿದು ತಿರುಗುತ್ತಿದ್ದ. ಮಗುವಿಗೆ ಜ್ವರ ಬಂದರೆ ನಾಳೆ ನೋಡೋಣ ಎನ್ನುವ ಯಜಮಾನರು ಕೂಡ, ಮೀನು ಒಂದು ಹೊತ್ತು ಮಂಕಾಗಿದ್ದರೆ ಇವನಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದರು.

ಆ ಕಸುಬಿನವರು ಸಾಮಾನ್ಯವಾಗಿ ಬರಿಗೈಯನ್ನೇ ನೀರಿಗೆ ಇಳಿಸುತ್ತಾರೆ. ಕೈಗವಸು ಹಾಕಿದರೆ ಹಿಡಿತ ಸಿಗುವುದಿಲ್ಲ, ಹವಳದ ಕೊಂಬೆ ಮುರಿದರೆ ಯಜಮಾನರು ಕೊರಳು ಮುರಿಯುತ್ತಾರೆ ಎನ್ನುವುದು ಅವರ ವಾದ. ನೀರಿಗೆ ಕೈ ಹಾಕುವ ಮುಂಚೆ ಮಾತ್ರ ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಾರೆ, ಸೋಪಿನ ವಾಸನೆಯೂ ಉಳಿಯದ ಹಾಗೆ. ತಮ್ಮ ಕೈಯಿಂದ ಮೀನಿಗೆ ಕೇಡಾಗಬಾರದಲ್ಲ, ಅದಕ್ಕೆ. ಮೀನಿನ ನೀರಿನಿಂದ ತಮ್ಮ ಕೈಗೆ ಕೇಡಾದೀತು ಎಂಬ ಯೋಚನೆ ಅವರ ತಲೆಗೆ ಹೊಳೆಯುವುದೇ ಇಲ್ಲ. ಹೊಳೆದರೂ ಹೇಳುವುದಿಲ್ಲ, ಹೇಳಿದವನನ್ನು ಉಳಿದವರು ಗೇಲಿ ಮಾಡುತ್ತಾರೆ.

ಇವನಿಗೆ ಹೊಳೆಸಿದವನು ದೊಡ್ಡಣ್ಣ. ಒಡಹುಟ್ಟಿದ ಅಣ್ಣನಲ್ಲ, ಕೆಲಸ ಕಲಿಸಿದ ಗುರು. ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು, ಇವನೂ ಹಾಗೇ ಕರೆದ. ಒಂದು ಮಧ್ಯಾಹ್ನ ತೊಟ್ಟಿಯ ಕಲ್ಲು ಎತ್ತುವಾಗ ದೊಡ್ಡಣ್ಣನ ಅಂಗೈಗೆ ಒಂದು ಗೀರು ಬಿತ್ತು. ಅಷ್ಟೇ, ಕಣ್ಣಿಗೆ ಕಾಣುವಷ್ಟೂ ಇಲ್ಲ. ಸಂಜೆಗೆ ಕೈ ಕೆಂಪಗಾಯಿತು, ಮಾರನೆಯ ಬೆಳಿಗ್ಗೆ ಬೆರಳುಗಳು ಬಾಳೆಹಣ್ಣಿನಂತೆ ಊದಿಕೊಂಡವು, ಮೈ ಕೆಂಡವಾಯಿತು. ಕೊನೆಗೆ ಡಾಕ್ಟರುಗಳು ಪ್ರಾಣ ಉಳಿಸಿದರು, ಮಣಿಕಟ್ಟಿನಿಂದ ಕೆಳಗಿನದನ್ನು ಉಳಿಸಲಿಲ್ಲ. ಇವನು ನೋಡಲು ಹೋದಾಗ ದೊಡ್ಡಣ್ಣ ಬ್ಯಾಂಡೇಜು ಸುತ್ತಿದ ಮೋಟುಗೈಯನ್ನು ಎದೆಯ ಮೇಲಿಟ್ಟುಕೊಂಡು ಒಂದೇ ಮಾತು ಹೇಳಿದ:

"ಮೀನು ಸತ್ರೆ ಇನ್ನೊಂದು ಮೀನು ತರಬಹುದು ಕಣಪ್ಪ."

ಅವತ್ತಿನಿಂದ ಇವನು ಗ್ಲೌಸಪ್ಪನಾದ. ತೋಳಿನವರೆಗೆ ಬರುವ ದಪ್ಪ ರಬ್ಬರಿನ ಗ್ಲೌಸ್ ಇಲ್ಲದೆ ನೀರು ಮುಟ್ಟುತ್ತಿರಲಿಲ್ಲ. ಉಗುರಿನ ಪಕ್ಕ ಚರ್ಮ ಎದ್ದಿದ್ದರೂ ನೀರು ಇಳಿಯದ ಪಟ್ಟಿ ಅಂಟಿಸಿಕೊಂಡು ಅದರ ಮೇಲೆ ಗ್ಲೌಸ್ ಹಾಕುತ್ತಿದ್ದ. ಗಾಯ ದೊಡ್ಡದಿದ್ದರೆ ಅವತ್ತು ತೊಟ್ಟಿಯ ಕೆಲಸಕ್ಕೇ ರಜೆ. ಕಲ್ಲಿನ ಸಂದಿಗೆ ಕೈ ತೂರಿಸದೆ ಉದ್ದನೆಯ ಚಿಮಟ ಹಾಕುತ್ತಿದ್ದ. ಎಲ್ಲರೂ ಪೈಪಿಗೆ ಬಾಯಿಟ್ಟು ನೀರು ಎಳೆದರೆ ಇವನು ಕೈಪಂಪು ಇಟ್ಟುಕೊಂಡಿದ್ದ. ಕೆಲಸ ಮುಗಿದ ಮೇಲೆ, ಗ್ಲೌಸ್ ಒಳಗಿದ್ದ ಒಣಗೈಯನ್ನೇ ಮೊಳಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ. ಜೊತೆಯವರು ನಕ್ಕಿದ್ದೂ ನಕ್ಕಿದ್ದೇ.

"ಮದುವೇಲಿ ಹೆಂಡ್ತಿ ಕೈ ಹಿಡಿಯುವಾಗ್ಲಾದ್ರೂ ತೆಗೆದಿದ್ಯೇನಯ್ಯಾ?"

"ನಗ್ರಪ್ಪಾ ನಗ್ರಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡೋ ಪೈಕಿ ಅಲ್ಲ ನಾನು," ಎಂದು ಇವನು ಇನ್ನೊಂದು ಸಲ ಸೋಪು ಹಚ್ಚುತ್ತಿದ್ದ.

ಹೆಂಡತಿಯ ವಿಷಯಕ್ಕೆ ಬರೋಣ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಅವಳ ಹೊಲಿಗೆ ಯಂತ್ರ. ಬಿಗಿಯಾದದ್ದನ್ನು ಸಡಿಲ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಅಣ್ಣನ ಪ್ಯಾಂಟನ್ನು ತಮ್ಮನಿಗೆ ಹೊಂದಿಸುವುದು, ಹೀಗೆ ಆಲ್ಟರ್ ಕೆಲಸ ಸದಾ ಗುಡ್ಡೆ ಬಿದ್ದಿರುತ್ತಿತ್ತು. ಆದರೆ ಬೀದಿಯಲ್ಲಿ ಅವಳಿಗೆ ಹೆಸರು ಬಂದದ್ದು ಅಂಗಿಯ ಗುಂಡಿ ತೂರಿಸುವ ಕಾಜಾದಿಂದ. ಯಂತ್ರದಲ್ಲಿ ಚಟಚಟ ಹಾಕಿ ಎಸೆಯುವ ಕಾಜಾ ಅಲ್ಲ, ಕೈಯಲ್ಲಿ ಒಂದೊಂದೇ ದಾರ ಎಳೆದು ಕಟ್ಟಿದ ಕಾಜಾ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದರೂ ಆ ಕಾಜಾ ಬಿಚ್ಚುತ್ತಿರಲಿಲ್ಲ. ದೊಡ್ಡ ದರ್ಜಿ ಅಂಗಡಿಯವರು ಕೂಡ ಒಳ್ಳೆಯ ಕೋಟುಗಳನ್ನು ಇವಳ ಮನೆಗೆ ಕಳಿಸುತ್ತಿದ್ದರು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಕಾಜಕ್ಕ.

ಕೈಹೊಲಿಗೆಯಲ್ಲಿ ಎಲ್ಲರ ಕಣ್ಣೂ ಸೂಜಿ ಹಿಡಿದ ಬಲಗೈ ಮೇಲೆ. ಕೆಲಸ ಮಾಡುವುದು ಮಾತ್ರ ಬಟ್ಟೆಯ ಕೆಳಗೆ ಕಾದು ಕೂತಿರುವ ಎಡಗೈಯ ತೋರುಬೆರಳು. ಸೂಜಿಯ ಮೊನೆ ಅದಕ್ಕೆ ತಾಗಿದ ಕ್ಷಣವೇ ಅದು ಮೊನೆಯನ್ನು ತಿರುಗಿಸಿ ಮೇಲಕ್ಕೆ ಕಳಿಸಬೇಕು. ಒಂದು ಕೂದಲೆಳೆ ತಡವಾದರೆ ಚುಚ್ಚುತ್ತದೆ, ಒಂದು ಕೂದಲೆಳೆ ಮುಂಚೆಯಾದರೆ ಹೊಲಿಗೆ ಓರೆ. "ಕಣ್ಣು ಮೇಲೆ ನೋಡುತ್ತೆ, ಬೆರಳು ಕೆಳಗೆ ನೋಡುತ್ತೆ," ಎನ್ನುತ್ತಿದ್ದಳು ಕಾಜಕ್ಕ. ಆ ಬೆರಳ ತುದಿಯಲ್ಲಿ ಯಾವಾಗಲೂ ಚುಕ್ಕಿ ಚುಕ್ಕಿ ಸೂಜಿಗಾಯ. ಅದನ್ನು ಅವಳು ಗಾಯವೆಂದು ಎಣಿಸಿದ್ದೇ ಇಲ್ಲ.

ಸಂಜೆ ಅವನು ಬಕೆಟ್ಟು ಹಿಡಿದು ಬರುತ್ತಿದ್ದ. ಅದರೊಳಗೆ ಒದ್ದೆ ಗ್ಲೌಸು, ಲೋಳೆ ತುಂಬಿದ ಫಿಲ್ಟರ್ ಚೀಲಗಳು. ನೀರಿನ ಕಸ ಹಿಡಿಯುವ ಆ ದಪ್ಪ ಬಟ್ಟೆಯ ಚೀಲಗಳನ್ನೂ ಅವಳೇ ಹೊಲಿದು ಕೊಟ್ಟಿದ್ದಳು. ಯಂತ್ರಕ್ಕೆ ಹೊದಿಕೆ ಹಾಕಿ ಹಿತ್ತಲಿನ ನಲ್ಲಿಯ ಹತ್ತಿರ ಕೂತು ಚೀಲಗಳನ್ನು ಒಳಮುಖ ಹೊರಗೆ ಮಾಡಿ ಜಾಲಿಸುತ್ತಿದ್ದಳು. ಆಮೇಲೆ ಗ್ಲೌಸಿನ ಸರದಿ. ಪ್ರತಿಯೊಂದರಲ್ಲೂ ನೀರು ತುಂಬಿ, ಬಾಯಿ ತಿರುಚಿ ಹಿಡಿದು, ಬೆರಳು ಬೆರಳನ್ನೂ ಅದುಮಿ ನೋಡುತ್ತಿದ್ದಳು, ಎಲ್ಲಾದರೂ ತೂತು ಬಿದ್ದಿದೆಯೇ ಎಂದು. ಕಣ್ಣಿಗೆ ಕಾಣದ ತೂತೂ ಅವಳ ಬೆರಳಿಗೆ ಸಿಗುತ್ತಿತ್ತು.

"ಇವತ್ತು ನಿಮ್ಮ ಹೆಬ್ಬೆರಳು ಸೋರ್ತಾ ಇದೆ ಕಣ್ರೀ. ನಾಳೆ ಹೊಸಾದು ತಗೊಳ್ಳಿ."

ಅವನು ಮೆಟ್ಟಿಲ ಮೇಲೆ ಕೂತು ಕಾಫಿ ಹೀರುತ್ತ, ವಕೀಲರ ಮನೆಯ ಹಳದಿ ಮೀನು ತನ್ನದೇ ನೆರಳಿನ ಜೊತೆ ಜಗಳಕ್ಕೆ ಬಿದ್ದ ಕತೆ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ದಿನದ ಅತ್ಯಂತ ಒಳ್ಳೆಯ ಹೊತ್ತೆಂದರೆ ಅದೇ. ಅವಳ ಕೈಯಲ್ಲಿ ಗ್ಲೌಸಿತ್ತು, ಗ್ಲೌಸಿನೊಳಗೆ ಅವಳ ಕೈ ಇರಲಿಲ್ಲ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದ ಆ ಸಂಗತಿ ಅವನಿಗೆ ಒಂದು ದಿನವೂ ಕಾಣಲಿಲ್ಲ. ಅಪಾಯವೆಂದರೆ ತೊಟ್ಟಿ, ತೊಟ್ಟಿಯೆಂದರೆ ಹೊಸಿಲಾಚೆ. ಮನೆಗೆ ಒಂದು ಮೀನನ್ನೂ ತರಕೂಡದೆಂದು ಅವನೇ ನಿಯಮ ಮಾಡಿದ್ದ.

ಮೊದಲು ಕಂಡದ್ದು ಸೊಳ್ಳೆ ಕಚ್ಚಿದಂಥ ಒಂದು ಗುಳ್ಳೆ, ಅವಳ ಎಡಗೈಯ ತೋರುಬೆರಳ ಗಿಣ್ಣಿನ ಪಕ್ಕದಲ್ಲಿ. ನೋವಿಲ್ಲ, ಕೀವಿಲ್ಲ.

"ಸೂಜಿ ಮುನಿಸ್ಕೊಂಡಿದೆ," ಎಂದಳು.

ಅವನು ಬೆಳಕಿಗೆ ಹಿಡಿದು ನೋಡಿದ. ದೊಡ್ಡಣ್ಣನ ಕೈ ನೆನಪಿಗೆ ಬಾರದೆ ಇರಲಿಲ್ಲ. ಆದರೆ ಆ ಕೈ ಕೆಂಪಗಿತ್ತು, ಬಿಸಿ ಇತ್ತು, ರಾತ್ರಿ ಕಳೆಯುವುದರೊಳಗೆ ಊದಿತ್ತು. ಇದು ತಣ್ಣಗಿತ್ತು. ಹಾವೆಂದರೆ ಬುಸುಗುಟ್ಟಲೇಬೇಕು ಎಂದುಕೊಂಡವನಿಗೆ ಸದ್ದಿಲ್ಲದೆ ಬಂದದ್ದು ಹಾವೆನಿಸುವುದಿಲ್ಲ. "ಏನೂ ಇಲ್ಲ ಬಿಡು," ಎಂದುಬಿಟ್ಟ.

ಗುಳ್ಳೆ ಹೋಗಲಿಲ್ಲ. ಬೀದಿ ಕೊನೆಯ ಡಾಕ್ಟರರು ಒಂದು ಮುಲಾಮು ಕೊಟ್ಟರು, ಅದು ಮುಗಿದ ಮೇಲೆ ಇನ್ನೊಂದು. ಒಂದು ಕಾಲ ಕಳೆದು ಇನ್ನೊಂದು ಕಾಲ ಬರುವ ಹೊತ್ತಿಗೆ ಗಿಣ್ಣೇ ದಪ್ಪವಾಗಿ ಬೆರಳು ಮಡಚಲು ತಕರಾರು ಮಾಡತೊಡಗಿತು. ಮೂಳೆಯ ಡಾಕ್ಟರರ ಹತ್ತಿರ ಹೋದರು. ಅವರು ಒಳ್ಳೆಯ ಮನುಷ್ಯ, ಅವಸರವಿಲ್ಲದೆ ಎಲ್ಲ ಕೇಳಿದರು. ಏನು ಕೆಲಸ? ಹೊಲಿಗೆ. ತೋಟದಲ್ಲಿ ಮುಳ್ಳು ಗಿಳ್ಳು ಚುಚ್ಚಿದೆಯೇ? ಇಲ್ಲ. ಬೆಕ್ಕು ಪರಚಿದೆಯೇ? ಇಲ್ಲ.

"ಮನೇಲಿ ಮೀನು ಸಾಕಿದ್ದೀರಾ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

"ಒಂದೇ ಒಂದು ಮೀನೂ ಇಲ್ಲ ಡಾಕ್ಟ್ರೇ," ಎಂದ ಗ್ಲೌಸಪ್ಪ, ಎದೆ ಸೆಟೆಸಿ.

ನಿಜವನ್ನೇ ಹೇಳಿದ. ಅಂಥ ನಿಜಕ್ಕಿಂತ ಸುಳ್ಳು ವಾಸಿ. ಅವರು ನಕ್ಕದ್ದು ಯಾಕೆಂದು ಡಾಕ್ಟರರಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಕೀಲಿನ ಊತವೆಂದು ಅದಕ್ಕೊಂದು ಸ್ಟಿರಾಯ್ಡ್ ಸೂಜಿ ಚುಚ್ಚಿ ಕಳಿಸಿದರು. ಬಸ್ಸಿನಲ್ಲಿ ಅವಳು ಮತ್ತೆ ನಕ್ಕಳು. "ಊರಲ್ಲಿರೋ ಮೀನಿಗೆಲ್ಲಾ ನೀವೇ ತಾಯಿ. ಮನೇಲಿ ಮಾತ್ರ ಒಂದೂ ಇಲ್ಲ." ಅವತ್ತು ಸಂಜೆಯೂ, ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ ಅಂಟಿಸಿದ ಅದೇ ಬೆರಳಿನಿಂದ, ಗ್ಲೌಸಿನಲ್ಲಿ ನೀರು ತುಂಬಿ ಅದುಮಿ ನೋಡಿದಳು.

ಸ್ವಲ್ಪ ದಿನ ಊತ ಇಳಿಯಿತು. ಇಬ್ಬರೂ ಗೆದ್ದೆವೆಂದುಕೊಂಡರು. ಆಮೇಲೆ ಅದು ಬಡ್ಡಿ ಸಮೇತ ಬಂತು. ಊತ ಅಡಗಿಸುವ ಆ ಮದ್ದು ಒಳಗಿದ್ದ ರೋಗಕ್ಕೆ ಬಾಗಿಲು ತೆಗೆದು ಕೊಟ್ಟಂತಾಗಿತ್ತು. ಬೆರಳಿನಿಂದ ಶುರುವಾಗಿ ಅಂಗೈ ಹಿಂಭಾಗ, ಮುಂಗೈ, ಒಂದರ ಹಿಂದೆ ಒಂದು ಗಂಟುಗಳು ಇರುವೆ ಸಾಲಿನಂತೆ ಮೇಲಕ್ಕೆ ಹೊರಟವು. ಸೂಜಿ ತಾಗಿದ್ದು ಬೆರಳಿಗೆ ತಡವಾಗಿ ತಿಳಿಯತೊಡಗಿತು. ಕಾಜಕ್ಕ ಹಾಕಿದ ಕಾಜಾವನ್ನು ದರ್ಜಿ ಅಂಗಡಿಯವರು ಮೊದಲ ಸಲ ವಾಪಸ್ಸು ಕಳಿಸಿದರು. ಅವಳು ಅದನ್ನು ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದಳು.

ದೊಡ್ಡ ಆಸ್ಪತ್ರೆಯಲ್ಲಿ ಕೈಯ ಆಪರೇಷನ್ನನ್ನೇ ಮಾಡುವ ಒಬ್ಬ ಡಾಕ್ಟರಮ್ಮ ಇದ್ದರು. ಬೆರಳು ಕೊಯ್ದು ನೋಡಿದರೆ ಒಳಗೆ ನರದ ಸುತ್ತ ಅಕ್ಕಿನುಚ್ಚಿನಂಥ ಕಾಳುಗಳು. ಅದನ್ನು ಪರೀಕ್ಷೆಗೆ ಕಳಿಸಿದರು. ಈ ಕ್ರಿಮಿ ಬೆಳೆಯುವುದು ಬಲು ನಿಧಾನ, ವಾರಗಟ್ಟಲೆ ಕಾಯಬೇಕು ಎಂದರು. ಕಾದರು. ಫಲಿತಾಂಶ ಬಂದ ದಿನ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದರು:

"ಇದು ನೀರಿನ ಕ್ರಿಮಿ. ಮೀನಿರೋ ನೀರಲ್ಲಿ ಇರುತ್ತೆ, ಗಾಯದಿಂದ ಒಳಗೆ ಹೋಗುತ್ತೆ. ಮೀನಿನ ತೊಟ್ಟಿ ಏನಾದ್ರೂ ಇದೆಯಾ?"

ಈ ಸಲ ಯಾರೂ ನಗಲಿಲ್ಲ. ಗ್ಲೌಸಪ್ಪ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಒಂದು ಕಲೆ ಇಲ್ಲ, ಒಂದು ಗೀರಿಲ್ಲ. ಇಷ್ಟು ವರ್ಷ ಉಪ್ಪುನೀರಿನಲ್ಲಿ ದುಡಿದ ಮನುಷ್ಯನ ಕೈ ಆಫೀಸು ಗುಮಾಸ್ತನ ಕೈಯಂತಿತ್ತು. ಪಕ್ಕದಲ್ಲಿ ಅವಳ ಎಡಗೈ ಬ್ಯಾಂಡೇಜಿನೊಳಗೆ ಮಲಗಿತ್ತು. ಅವನ ಮುಖ ಬಿಳಚಿದ್ದನ್ನು ಮೊದಲು ಕಂಡದ್ದು ಕಾಜಕ್ಕ. ಮೊದಲು ಮಾತಾಡಿದ್ದೂ ಅವಳೇ.

"ಮಾರ್ಕೆಟ್ಟಲ್ಲಿ ಇರಬೇಕು ಡಾಕ್ಟ್ರಮ್ಮ. ಮೀನು ಅಂಗಡೀಲಿ ಯಾವುದೋ ಮುಳ್ಳು ಚುಚ್ಚಿತ್ತು. ಹೌದು, ಈಗ ನೆನಪಾಯ್ತು."

ಅವರ ಮನೆಯಲ್ಲಿ ಮೀನು ಬೇಯಿಸಿದ್ದೇ ಇಲ್ಲ. ತೊಟ್ಟಿಯ ವಾಸನೆ ಸಾಕು, ಸಾರಿನಲ್ಲೂ ಬೇಡ ಎಂದವನು ಅವನು. ಅವಳು ಮೀನಿನಂಗಡಿಯ ಮೆಟ್ಟಿಲು ಕೂಡ ಹತ್ತಿದವಳಲ್ಲ. ಕೈ ಹೋಗುತ್ತಿರುವುದು ಅವಳದು, ಸುಳ್ಳು ಹೇಳಿ ಕಾಯುತ್ತಿರುವುದು ಅವನನ್ನು.

"ಸುಳ್ಳು ಡಾಕ್ಟ್ರಮ್ಮ," ಎಂದ. "ಯಾವ ಮಾರ್ಕೆಟ್ಟೂ ಇಲ್ಲ. ನನ್ನ ಗ್ಲೌಸು. ದಿನಾ ತೊಳೀತಿದ್ಲು. ಬರಿಗೈಲಿ."

"ನೀವು ಸುಮ್ನಿರ್ರೀ," ಎಂದಳು ಅವಳು ಮೆಲ್ಲಗೆ, ಮಗುವಿಗೆ ಹೇಳುವಂತೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ತಿಂಗಳುಗಟ್ಟಲೆ ಎರಡು ಬಗೆಯ ಮಾತ್ರೆ ನುಂಗಬೇಕು, ಒಂದು ದಿನವೂ ಬಿಡಬಾರದು ಎಂದರು. ಬೆರಳು ಉಳಿಯಬಹುದು, ಹಳೆಯ ಬೆರಳಾಗಿ ಉಳಿಯುವುದು ಅನುಮಾನ ಎಂದರು. ಇವರು ಎದ್ದು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಈ ಮಾತ್ರೆ ತಗೊಂಡ್ರೆ ಮೂತ್ರ, ಬೆವರು, ಕಣ್ಣೀರು ಎಲ್ಲಾ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಹೆದರ್ಕೋಬೇಡಿ, ಅದು ಮಾತ್ರೆ ಬಣ್ಣ ಅಷ್ಟೇ."

"ಕಿತ್ತಳೆ ದಾರ ಕೊಳ್ಳೋದು ತಪ್ತು ಬಿಡಿ, ಬಿಳಿ ದಾರಾನೇ ಕಣ್ಣೀರಲ್ಲಿ ಅದ್ದಿದ್ರಾಯ್ತು," ಎಂದಳು ಕಾಜಕ್ಕ. ಡಾಕ್ಟರಮ್ಮನಿಗೂ ನಗು ಬಂತು.

ಅಂದಿನಿಂದ ಹಿತ್ತಲಿನ ನಲ್ಲಿ ಅವನ ಪಾಲಿಗೆ ಬಂತು. ಫಿಲ್ಟರ್ ಚೀಲಗಳನ್ನು ಮನೆಗೆ ತರುವುದನ್ನೇ ಬಿಟ್ಟ, ಗಿರಾಕಿಗಳ ಮನೆಯಲ್ಲೇ ಗ್ಲೌಸ್ ಹಾಕಿಕೊಂಡು ತೊಳೆದಿಟ್ಟು ಬಂದ. ಅಷ್ಟು ಸುಲಭವಿತ್ತು. ಇಷ್ಟು ವರ್ಷ ಅಷ್ಟೇ ಸುಲಭವಿತ್ತು. ಪಾತ್ರೆ, ಬಟ್ಟೆ, ನೆಲ, ಎಲ್ಲವೂ ಅವನೇ. ಅವಳಿಗೆಂದು ಚಿಕ್ಕ ಅಳತೆಯ ಒಂದು ಜೊತೆ ಗ್ಲೌಸ್ ಹುಡುಕಿ ತಂದ. ಹೊಲಿಗೆ ಬಿಚ್ಚಿ ಗಾಯ ಮಾಗಿದ ಮೇಲೆ ಒಂದು ದಿನ ಅವಳು ಅದನ್ನು ಹಾಕಿಕೊಳ್ಳಲು ನೋಡಿದಳು. ಬಲಗೈ ಸಲೀಸಾಗಿ ಹೋಯಿತು. ಎಡಗೈಯಲ್ಲಿ ತೋರುಬೆರಳು ಕೊಕ್ಕೆಯಂತೆ ಬಾಗಿ ಸೆಟೆದು ನಿಂತಿತ್ತು, ರಬ್ಬರಿನ ಆ ನೇರ ಕೊಳವೆಯೊಳಗೆ ಅದು ಹೋಗಲಿಲ್ಲ. ಅವಳು ಆ ಕಡೆಯಿಂದ ಈ ಕಡೆಯಿಂದ ತೂರಿಸಿ ನೋಡಿ, ಕೊನೆಗೆ ಗ್ಲೌಸನ್ನು ಮಡಿಲಲ್ಲಿಟ್ಟುಕೊಂಡಳು.

"ಇದನ್ನ ಆಲ್ಟರ್ ಮಾಡೋಕಾಗಲ್ಲ ಕಣ್ರೀ."

ಊರಿನವರ ಉಡುಪನ್ನೆಲ್ಲ ಅವರವರ ಮೈಗೆ ಹೊಂದಿಸಿದವಳು ಹಾಗೆಂದಳು. ಅವನು ಪಾತ್ರೆ ತಿಕ್ಕಲು ಎದ್ದುಹೋದ.

ಒಂದು ಬೆಳಿಗ್ಗೆ ಅವಳು ಯಂತ್ರದ ಹೊದಿಕೆ ತೆಗೆದಳು. ಪಕ್ಕದ ಮನೆಯವಳ ಮಗನ ಬಿಳಿ ಅಂಗಿ, ಒಂದೇ ಒಂದು ಕಾಜಾ ಬಾಕಿ. "ನೋಡೋಣ, ಬೆರಳಿಗೆ ನೆನಪಿದ್ಯಾ ಅಂತ," ಎಂದು ಕಿಟಕಿಯ ಬೆಳಕಿಗೆ ತಿರುಗಿ ಕೂತಳು. ಅವನು ಬಾಗಿಲಲ್ಲಿ ಬಕೆಟ್ಟು ಹಿಡಿದು ಹೊರಟವನು ಅಲ್ಲೇ ನಿಂತ. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ದಾರ ಎಳೆದಳು, ಗಂಟು ಹಾಕಿದಳು. ಮುಖದಲ್ಲಿ ಹಳೆಯ ಗೆಲುವು ಬಂತು. "ನೋಡಿದ್ರಾ?" ಎಂದು ಅವನತ್ತ ತಿರುಗಿದಳು. ಅವನು ನೋಡುತ್ತಿದ್ದದ್ದು ಅಂಗಿಯನ್ನು. ಕಾಜಾದ ಸುತ್ತ ಒಂದೊಂದೇ ಕೆಂಪು ಚುಕ್ಕಿ ಮೂಡಿ ದೊಡ್ಡದಾಗುತ್ತಿತ್ತು. ಸೂಜಿ ಪ್ರತಿ ಸಲವೂ ಬೆರಳೊಳಗೆ ಇಳಿದು ಬಂದಿತ್ತು, ಬೆರಳಿಗೆ ಅದು ತಿಳಿದೇ ಇರಲಿಲ್ಲ.

ಅವನ ನೋಟದ ಜಾಡು ಹಿಡಿದು ಅವಳೂ ಕೆಳಗೆ ನೋಡಿದಳು.

"ಅಯ್ಯೋ," ಎಂದಳು. "ಹುಡುಗನ ಅಂಗಿ ಹಾಳಾಯ್ತಲ್ಲ."

ಅಂಗಿಯನ್ನು ತಣ್ಣೀರಿನಲ್ಲಿ ನೆನೆಹಾಕಲು ಅವನ ಕೈಗೆ ಕೊಟ್ಟಳು. ಸೂಜಿಯನ್ನು ಅದರ ಡಬ್ಬಿಯಲ್ಲಿಟ್ಟು, ಯಂತ್ರಕ್ಕೆ ಹೊದಿಕೆ ಹೊದಿಸಿ, ಅಂಚು ಸರಿಮಾಡಿದಳು. ಆಮೇಲೆ ಆ ಹೊದಿಕೆಯನ್ನು ಅವಳು ತೆಗೆಯಲಿಲ್ಲ. ಯಾರಾದರೂ ಬಂದು ಅಯ್ಯೋ ಪಾಪ ಎಂದರೆ, "ಒಂದು ಬೆರಳು ತಾನೇ, ಇನ್ನೂ ಒಂಬತ್ತಿವೆ," ಎಂದು ನಗುತ್ತಿದ್ದಳು. ಅವನ ಎದುರಿಗೂ ಅದೇ ನಗು. ಊಟಕ್ಕೆ ಕರೆಯುವಾಗ ನಗು, ಮಾತ್ರೆ ನುಂಗುವಾಗ ನಗು. ಎದೆಯ ಮೇಲೆ ಕಲ್ಲು ಹೊತ್ತವನಿಗೆ ಆ ನಗುವನ್ನು ನಂಬುವುದು ಬೇಕಾಗಿತ್ತು, ನಂಬಿದ. ಅವಳದು ಗಟ್ಟಿ ಜೀವ, ದಾಟಿಕೊಂಡಳು ಎಂದು ತನಗೆ ತಾನೇ ಹೇಳಿಕೊಂಡ.

ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯಲು ಹಾಸಿಗೆಯ ಮೇಲಿನದನ್ನೆಲ್ಲ ಎಳೆದು ತಂದ. ಅವಳ ದಿಂಬಿನ ಚೀಲ ಬಿಳಿಯದು, ಅವಳೇ ಹೊಲಿದದ್ದು. ಬಾಯಿಗೆ ಮೂರು ಗುಂಡಿ, ಮೂರು ಕಾಜಾ. ಗ್ಲೌಸ್ ಹಾಕಿಕೊಂಡು ಅದನ್ನು ಬಕೆಟ್ಟಿಗೆ ಅದ್ದುವವನು ಹಾಗೇ ನಿಂತ. ಚೀಲದ ಒಂದು ಮಗ್ಗುಲಲ್ಲಿ, ಕೆನ್ನೆ ಒರಗುವ ಕಡೆ, ಕಿತ್ತಳೆ ಬಣ್ಣದ ಕಲೆ. ಮೊದಲು ತುಕ್ಕಿರಬೇಕು ಎಂದುಕೊಂಡ, ಮಾತ್ರೆ ಬಿದ್ದು ಕರಗಿರಬೇಕು ಎಂದುಕೊಂಡ. ಬೆಳಕಿಗೆ ಹಿಡಿದ. ಒಂದು ಕಲೆಯಲ್ಲ. ಮಾಸಿದ ಕಲೆಯ ಮೇಲೆ ಹೊಸ ಕಲೆ, ಅದರ ಅಂಚಿಗೆ ಇನ್ನೊಂದು. ಆಗ ಡಾಕ್ಟರಮ್ಮನ ಮಾತು ನೆನಪಾಯಿತು. ಅವಳು ಅತ್ತದ್ದು. ಒಂದು ದಿನವಲ್ಲ, ಎಷ್ಟೋ ದಿನ, ಅವನ ಮಗ್ಗುಲಲ್ಲೇ ಮಲಗಿ, ಆ ಕಡೆ ಮುಖ ಮಾಡಿ, ಉಸಿರು ಬಿಗಿಹಿಡಿದು ಅತ್ತದ್ದು. ಬೇರೆ ಯಾರ ಕಣ್ಣೀರಾಗಿದ್ದರೂ ಒಣಗಿ ಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ಅಷ್ಟು ಗುಟ್ಟನ್ನೂ ಆ ಮಾತ್ರೆ ಉಳಿಸಿರಲಿಲ್ಲ.

ಅವನು ನಲ್ಲಿಯ ಪಕ್ಕದಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲಿ ಕುಕ್ಕರಿಸಿದ. ಗ್ಲೌಸುಗಳನ್ನು ಕಿತ್ತು ಅತ್ತ ಹಾಕಿದ. ಬರಿಗೈಯಲ್ಲಿ ಆ ಕಲೆಯ ಮೇಲೆ ಸೋಪು ಹಚ್ಚಿ ಉಜ್ಜತೊಡಗಿದ. ಉಜ್ಜಿದಷ್ಟೂ ತೆಳ್ಳಗಾಯಿತೇ ಹೊರತು ಹೋಗಲಿಲ್ಲ. ಅವನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿ ಬಕೆಟ್ಟಿಗೆ ಬೀಳುತ್ತಿತ್ತು, ಅದಕ್ಕೆ ಯಾವ ಬಣ್ಣವೂ ಇರಲಿಲ್ಲ.

ನೀರಿನ ಸದ್ದು ಕೇಳಿ ಒಳಗಿನಿಂದ ಅವಳು ಕೂಗಿದಳು.

"ರೀ, ಗ್ಲೌಸ್ ಹಾಕ್ಕೊಂಡಿದ್ದೀರಾ?"

ಅವನು ಗಂಟಲು ಸರಿಮಾಡಿಕೊಂಡ.

"ಹೂಂ ಕಣೇ," ಎಂದ. "ಹಾಕ್ಕೊಂಡಿದ್ದೀನಿ."